ಹೆಗಲಿಗೆ ಹೆಗಲು ಕೊಟ್ಟ ಆಯತಗಳು

ಶಾಲೆಯ ಗಣಿತ ಪುಸ್ತಕದ ಕೊನೆಯ ಅಧ್ಯಾಯಗಳಿಗೆ ಒಂದು ಬಗೆಯ ದುರ್ದೈವವುಂಟು. ಜೂನ್ ತಿಂಗಳಲ್ಲಿ ಉಪಾಧ್ಯಾಯರ ಉತ್ಸಾಹವೂ ಹುಡುಗರ ಹೊಸ ನೋಟುಪುಸ್ತಕಗಳೂ ಒಟ್ಟಿಗೇ ಆರಂಭವಾಗುತ್ತವೆ. ಆಗ ಬರುವ ಪಾಠಗಳಿಗೆ ರಾಜೋಪಚಾರ. ಸಂಕ್ರಾಂತಿಯ ಎಳ್ಳುಬೆಲ್ಲ ಮುಗಿದ ಮೇಲೆ ಬರುವ ಪಾಠಗಳಿಗಾದರೋ ಮದುವೆಮನೆಯ ಕಡೆಯ ಪಂಕ್ತಿಯಲ್ಲಿ ಕುಳಿತವರ ಗತಿ. ಎಲೆಯ ಮೇಲೆ ಎಲ್ಲವೂ ಬೀಳುತ್ತದೆ, ಆದರೆ ಬಡಿಸುವವರಿಗೆ ಕೈ ತೊಳೆಯುವ ಆತುರ. ಸಂಖ್ಯಾಶಾಸ್ತ್ರದ ಅಧ್ಯಾಯ ಬಹುಮಟ್ಟಿಗೆ ಈ ಕಡೆಯ ಪಂಕ್ತಿಗೆ ಸೇರಿದ್ದು. ಅದರೊಳಗೆ ಬರುವ ಹಿಸ್ಟೋಗ್ರಾಮ್ ಎಂಬ ಚಿತ್ರದ ವಿಷಯವಾಗಿ ನಾಲ್ಕು ಮಾತು ಹೇಳಬೇಕೆಂಬುದು ನನ್ನ ಬಹುದಿನದ ಆಸೆ.

ಮೂವತ್ತು ವರ್ಷಕ್ಕೂ ಮಿಕ್ಕು ಪ್ರೌಢಶಾಲೆಯಲ್ಲಿ ಗಣಿತ ಹೇಳಿಕೊಟ್ಟವನು ನಾನು. ಆ ಅವಧಿಯಲ್ಲಿ ಎಷ್ಟು ಸಾವಿರ ಹಿಸ್ಟೋಗ್ರಾಮುಗಳನ್ನು ತಿದ್ದಿದ್ದೇನೆಯೋ ಲೆಕ್ಕವಿಟ್ಟಿಲ್ಲ. ಹೆಚ್ಚಿನವು ನೋಡಲು ಅಂದವಾಗಿಯೇ ಇರುತ್ತಿದ್ದವು. ಬೀಜಗಣಿತವೆಂದರೆ ಬೆವರುವ ಹುಡುಗನೂ ಇಲ್ಲಿ ಧೈರ್ಯವಾಗಿ ಸೀಸದಕಡ್ಡಿಯನ್ನು ಚೂಪು ಮಾಡಿ, ಅಳತೆಪಟ್ಟಿ ಹಿಡಿದು, ಒಂದರ ಪಕ್ಕಕ್ಕೊಂದು ಆಯತವನ್ನು ನಿಲ್ಲಿಸಿ, ಮನಸ್ಸಿದ್ದರೆ ಬಣ್ಣವನ್ನೂ ತುಂಬಿ ಕೊಡುತ್ತಿದ್ದನು. ಆದರೆ, "ಇದು ಏನು ಹೇಳುತ್ತದಪ್ಪಾ?" ಎಂದು ಕೇಳಿದರೆ ಚಿತ್ರ ಬರೆದವನು ನನ್ನ ಮುಖವನ್ನೇ ನೋಡುತ್ತಿದ್ದನು. ಅವನ ತಪ್ಪೇನೂ ಇಲ್ಲ. ಪ್ರಶ್ನೆಪತ್ರಿಕೆ ಅವನನ್ನು ಆ ಮಾತು ಕೇಳಿದ್ದೇ ಅಪರೂಪ. ಪಟ್ಟಿ ಕೊಟ್ಟಿದೆ, ಚಿತ್ರ ಬರೆಯಿರಿ, ಅಲ್ಲಿಗೆ ಮುಗಿಯಿತು. ಕನ್ನಡಿಯನ್ನು ಉಜ್ಜಿ ಉಜ್ಜಿ ಹೊಳೆಯಿಸಿ, ಮುಖ ನೋಡಿಕೊಳ್ಳದೆ ಗೋಡೆಯ ಕಡೆಗೆ ತಿರುಗಿಸಿ ಇಟ್ಟ ಹಾಗೆ.

ಈ ಚಿತ್ರಕ್ಕೆ ಹಿಸ್ಟೋಗ್ರಾಮ್ ಎಂದು ಹೆಸರಿಟ್ಟವರು ಲಂಡನ್ನಿನ ಕಾರ್ಲ್ ಪಿಯರ್ಸನ್. 1890ರ ದಶಕದ ಆರಂಭದ ತಮ್ಮ ಉಪನ್ಯಾಸಗಳಲ್ಲಿ ಬಳಸುತ್ತಿದ್ದ ಈ ಪದವನ್ನು ಅವರು 1895ರ ಒಂದು ಲೇಖನದಲ್ಲಿ ಅಚ್ಚಿಗೂ ತಂದರು. ಕನ್ನಡದಲ್ಲಿ ಇದಕ್ಕೆ ಹೆಸರು ಕಟ್ಟಿದವರುಂಟು. ಹುಡುಗರ ಬಾಯಲ್ಲಿ ನಿಂತದ್ದು ಮಾತ್ರ ಪಿಯರ್ಸನ್ನರ ಪದವೇ. ಇದಕ್ಕೊಬ್ಬ ದಾಯಾದಿಯಿದ್ದಾನೆ, ಸ್ತಂಭ ನಕ್ಷೆ. ನೋಡುವುದಕ್ಕೆ ಇಬ್ಬರೂ ಒಂದೇ ತೆರನಾದರೂ ಗುಣದಲ್ಲಿ ಬೇರೆ. ಅಂಗಡಿಯಲ್ಲಿ ಮಾರಾಟವಾದ ಮಾವು, ಹಲಸು, ಬಾಳೆಗಳ ಲೆಕ್ಕವನ್ನು ಸ್ತಂಭ ನಕ್ಷೆಯಲ್ಲಿ ತೋರಿಸಿದಾಗ ಹಲಸನ್ನು ಮೊದಲಿಟ್ಟರೂ ಬಾಳೆಯನ್ನು ಮೊದಲಿಟ್ಟರೂ ಹಾನಿಯಿಲ್ಲ. ನಡುವೆ ಜಾಗ ಬಿಡುವುದೇ ಸಹಜ, ಏಕೆಂದರೆ ಹಲಸಿಗೂ ಬಾಳೆಗೂ ನಡುವೆ ಇನ್ನೊಂದು ಹಣ್ಣಿಲ್ಲ. ಎತ್ತರ, ತೂಕ, ವಯಸ್ಸು, ಅಂಕಗಳು ಹಾಗಲ್ಲ. ಅವು ಹೊಳೆಯ ನೀರಿನಂತೆ ಒಂದೇ ಹರಿವು. ನಾವು ಎಣಿಕೆಯ ಅನುಕೂಲಕ್ಕಾಗಿ ಅದರಲ್ಲಿ ಅಲ್ಲಲ್ಲಿ ಗೂಟ ನೆಟ್ಟು, ಈ ಗೂಟದಿಂದ ಆ ಗೂಟದವರೆಗೆ ಎಷ್ಟು ಎಂದು ಕೇಳುತ್ತೇವೆ. ಹಿಸ್ಟೋಗ್ರಾಮಿನ ಆಯತಗಳು ಹೆಗಲಿಗೆ ಹೆಗಲು ಕೊಟ್ಟು ನಿಲ್ಲುವುದು ಇದಕ್ಕಾಗಿಯೇ. ನಡುವೆ ಸಂದು ಕಂಡರೆ ಅಲ್ಲಿ ಯಾರೂ ಇಲ್ಲವೆಂದು ಅರ್ಥ.

ಗೂಟ ನೆಡುವುದರಲ್ಲಿಯೇ ಹುಡುಗರ ಮೊದಲ ವ್ಯಾಜ್ಯ ಹುಟ್ಟುತ್ತದೆ. ಮೂವತ್ತು ಅಂಕ ಪಡೆದವನು 20–30ರ ವರ್ಗಾಂತರಕ್ಕೆ ಸೇರಿದವನೋ, 30–40ರದಕ್ಕೋ? ಹೊಸ್ತಿಲ ಮೇಲೆ ನಿಂತವನನ್ನು ಮುಂದಿನ ಮನೆಗೆ ಕಳುಹಿಸುವುದು ನಮ್ಮ ತರಗತಿಗಳ ವಾಡಿಕೆ. ಒಳ್ಳೆಯದು, ಆದರೆ ಈ ನ್ಯಾಯದ ಪ್ರಕಾರ ನೂರಕ್ಕೆ ನೂರು ತೆಗೆದ ಜಾಣನಿಗೆ ಮನೆಯೇ ಇಲ್ಲದಂತಾಗುತ್ತದೆ! ಪ್ರತಿ ವರ್ಷವೂ ಯಾವನಾದರೊಬ್ಬ ಇದನ್ನು ಕಂಡುಹಿಡಿದು ಎದ್ದು ನಿಲ್ಲುತ್ತಿದ್ದನು. ಕಡೆಯ ಮನೆಗೆ ಮಾತ್ರ ಎರಡೂ ಹೊಸ್ತಿಲು ಸೇರಿತೆಂದು ರಾಜಿ ಮಾಡಿಕೊಳ್ಳುತ್ತಿದ್ದೆವು. ಆಮೇಲೆ ತಾಳೆ ಗುರುತು. ನಾಲ್ಕು ಗೀಟು ಎಳೆದು ಐದನೆಯದನ್ನು ಅಡ್ಡ ಹೊಡೆದು ಕಟ್ಟು ಕಟ್ಟುವ ಈ ಲೆಕ್ಕ, ಹಿಂದೆ ಹಾಲಿನವಳು ಗೋಡೆಯ ಮೇಲೆ ಇದ್ದಿಲಿನಿಂದ ಬರೆದಿಡುತ್ತಿದ್ದ ಲೆಕ್ಕಕ್ಕೆ ಹತ್ತಿರದ ನೆಂಟ. ಇದನ್ನು ಹುಡುಗರಿಗೆ ಕಲಿಸಬೇಕಾದದ್ದೇ ಇಲ್ಲ.

ಕಲಿಸಬೇಕಾದದ್ದು ಬೇರೊಂದಿದೆ. ಗೂಟಗಳನ್ನು ಎಷ್ಟೆಷ್ಟು ದೂರಕ್ಕೆ ನೆಡಬೇಕು? ವರ್ಗಾಂತರದ ಅಗಲವೆಷ್ಟಿರಬೇಕು? ಈ ಕೆಲಸದ ಜೀವಾಳವೇ ಈ ನಿರ್ಧಾರ. ಪಠ್ಯಪುಸ್ತಕಗಳು ಇದನ್ನು ಹೆಚ್ಚಾಗಿ ತಾವೇ ಮಾಡಿ ಮುಗಿಸಿ, ಸಿದ್ಧವಾದ ಪಟ್ಟಿಯನ್ನು ಹುಡುಗನ ಕೈಗೆ ಕೊಡುತ್ತವೆ. ಅಗಲವನ್ನು ಬದಲಾಯಿಸಿದರೆ ಚಿತ್ರದ ಮುಖವೇ ಬದಲಾಗುತ್ತದೆಂಬುದು ಅವನಿಗೆ ಎಂದೂ ತಿಳಿಯುವುದಿಲ್ಲ.

ನನ್ನದೇ ಒಂದು ತರಗತಿಯ ಲೆಕ್ಕವನ್ನು ಇಲ್ಲಿ ಹೇಳುತ್ತೇನೆ. ಹಳ್ಳಿಗಾಡಿನ ಒಂದು ಪ್ರೌಢಶಾಲೆ, ಒಂಬತ್ತನೆಯ ತರಗತಿ, ನಲವತ್ತು ಮಂದಿ, ಅರ್ಧವಾರ್ಷಿಕ ಪರೀಕ್ಷೆಯ ಗಣಿತದ ಅಂಕಗಳು. ಸರಾಸರಿ ಸುಮಾರು 51. ಮುಖ್ಯೋಪಾಧ್ಯಾಯರ ದಫ್ತರಿಗೆ ಹೋಗುವುದು ಈ ಒಂದು ಸಂಖ್ಯೆ, ಅದು ತೃಪ್ತಿಕರವಾಗಿಯೇ ಇತ್ತು. ಅದೇ ಅಂಕಗಳನ್ನು 25ರ ಅಗಲದ ವರ್ಗಗಳಲ್ಲಿ ಹಾಕಿದರೆ ಕ್ರಮವಾಗಿ 4, 16, 15, 5 ಮಂದಿ. ಚಿತ್ರ ಆಮೆಯ ಬೆನ್ನಿನಂತೆ ನಡುವೆ ಉಬ್ಬಿ ಎರಡೂ ಕಡೆ ಇಳಿಯುತ್ತದೆ. ನೋಡಿದವರು, ಸಾಧಾರಣ ತರಗತಿ, ನಡುಮಟ್ಟದವರೇ ಹೆಚ್ಚು, ಎಂದುಕೊಂಡು ಪುಟ ತಿರುಗಿಸಬಹುದು. ಇನ್ನು ಅಗಲವನ್ನು 10ಕ್ಕೆ ಇಳಿಸಿ ನೋಡಿ. 10–20ರಲ್ಲಿ 2, ಆಮೇಲೆ 5, 9, 4, 3, 8, 6, 2, ಕಡೆಯದರಲ್ಲಿ 1. ಆಮೆ ಮಾಯವಾಗಿ ಎರಡು ಡುಬ್ಬದ ಒಂಟೆ ಎದ್ದು ನಿಂತಿತು. ಒಂದು ಡುಬ್ಬ ಮೂವತ್ತರ ಮೇಲೆ, ಇನ್ನೊಂದು ಅರುವತ್ತರ ಮೇಲೆ. ಸರಾಸರಿಯಿರುವ ನಡುವಿನ ತಗ್ಗಿನಲ್ಲಿ, 40ರಿಂದ 60ರವರೆಗೆ, ಏಳೇ ಜನ. ಆ 51 ಎಂಬ ಸಂಖ್ಯೆ ಯಾವ ಡುಬ್ಬದ ಪರವಾಗಿಯೂ ಮಾತನಾಡುತ್ತಿರಲಿಲ್ಲ. ಅಗಲವನ್ನು ಮತ್ತೂ ಇಳಿಸಿ 2ಕ್ಕೆ ತಂದೆನಾದರೆ ಒಂಟೆಯೂ ಹೋಗಿ ಹಲ್ಲು ಮುರಿದ ಬಾಚಣಿಗೆಯೊಂದು ಉಳಿಯುತ್ತಿತ್ತು. ನಲವತ್ತು ಮಂದಿಯನ್ನು ಐವತ್ತು ಮನೆಗಳಿಗೆ ಹಂಚಿದರೆ ಆಗುವುದೇ ಅಷ್ಟು.

ಎರಡು ಡುಬ್ಬ ಕಂಡಾಗ ಹುಟ್ಟಬೇಕಾದ ಪ್ರಶ್ನೆ ಒಂದೇ: ಇವರು ಯಾರು, ಅವರು ಯಾರು? ಎಡಗಡೆಯ ಹದಿನಾರು ಮಂದಿಯ ಹೆಸರುಗಳನ್ನು ಬರೆದುಕೊಂಡು ಹಾಜರಿಪುಸ್ತಕದ ಪಕ್ಕದಲ್ಲಿಟ್ಟು ನೋಡಿದೆ. ಹನ್ನೊಂದು ಮಂದಿ ದೂರದ ಎರಡು ಹಳ್ಳಿಗಳವರು. ಒಂದೇ ಬಸ್ಸಿನಲ್ಲಿ ಬರುವವರು. ಬಸ್ಸು ಗಂಟೆ ಹೊಡೆದ ಮೇಲೆಯೇ ಊರಿಗೆ ಬರುತ್ತಿತ್ತು. ವೇಳಾಪಟ್ಟಿಯಲ್ಲಿ ಮೊದಲ ಪೀರಿಯಡ್ಡು ಗಣಿತ. ಮನಸ್ಸು ತಿಳಿಯಾಗಿರುವ ಹೊತ್ತು ಗಣಿತಕ್ಕೆ ಸಲ್ಲಬೇಕೆಂಬ ಒಳ್ಳೆಯ ಉದ್ದೇಶದಿಂದಲೇ ಹಾಗೆ ಇಟ್ಟದ್ದು. ಆ ಮಕ್ಕಳು ಹಲವು ದಿನ ಬಾಗಿಲಲ್ಲಿ ನಿಂತು, ಅಪ್ಪಣೆ ಕೇಳಿ, ಒಳಗೆ ಬಂದು ಕುಳಿತುಕೊಳ್ಳುವ ಹೊತ್ತಿಗೆ ಕಪ್ಪುಹಲಗೆಯ ಅರ್ಧ ತುಂಬಿರುತ್ತಿತ್ತು.

ಚಿತ್ರವನ್ನು ಹಿಡಿದುಕೊಂಡು ಮುಖ್ಯೋಪಾಧ್ಯಾಯರ ಬಳಿಗೆ ಹೋದೆ. ಅವರು ಕನ್ನಡಕ ಏರಿಸಿ ಎರಡೂ ಡುಬ್ಬಗಳನ್ನು ನೋಡಿದರು. "ಅಲ್ಲ ಮೇಷ್ಟ್ರೇ, ವೇಳಾಪಟ್ಟಿ ಬದಲಾಯಿಸಿದರೆ ಮೊದಲ ಪೀರಿಯಡ್ಡು ಯಾರಾದರೂ ತೆಗೆದುಕೊಳ್ಳಲೇಬೇಕಲ್ಲ. ಆ ಮಕ್ಕಳಿಗೆ ಆಗ ಇನ್ನೊಂದು ವಿಷಯ ತಪ್ಪುತ್ತದೆ," ಎಂದರು. ಅದು ನ್ಯಾಯವಾದ ಮಾತು. ಕಡೆಗೆ ವಾರದಲ್ಲಿ ಮೂರು ದಿನ ಗಣಿತವನ್ನು ಮೂರನೆಯ ಪೀರಿಯಡ್ಡಿಗೆ ಸರಿಸಿ, ಆ ದಿನಗಳಲ್ಲಿ ಮೊದಲ ಪೀರಿಯಡ್ಡಿಗೆ ಆಟ, ಚಿತ್ರಕಲೆ, ಹೊಲಿಗೆಗಳನ್ನು ತರುವುದೆಂದು ತೀರ್ಮಾನವಾಯಿತು. ಆಟದ ಮೇಷ್ಟರು ನನ್ನೊಡನೆ ಒಂದು ತಿಂಗಳು ಸರಿಯಾಗಿ ಮಾತನಾಡಲಿಲ್ಲ. ವಾರ್ಷಿಕ ಪರೀಕ್ಷೆಯ ಹೊತ್ತಿಗೆ ಎಡಗಡೆಯ ಡುಬ್ಬ ಕರಗಿ ಬಲಕ್ಕೆ ಜರುಗಿತ್ತು, ಆದರೆ ಪೂರ್ತಿ ಹೋಗಿರಲಿಲ್ಲ. ಉಳಿದ ಕೆಲವರ ಕಷ್ಟಕ್ಕೂ ಬಸ್ಸಿಗೂ ಸಂಬಂಧವಿರಲಿಲ್ಲ. ಲೆಕ್ಕದ ಕನ್ನಡ ವಾಕ್ಯವನ್ನು ಓದಿ ಅರ್ಥ ಮಾಡಿಕೊಳ್ಳುವುದೇ ಅವರಿಗೆ ಕಷ್ಟವಾಗಿತ್ತು. ಅದಕ್ಕೆ ವೇಳಾಪಟ್ಟಿಯ ಮದ್ದು ಸಾಲದು.

ಹಾಗೆಂದು ಕಂಡ ಡುಬ್ಬವನ್ನೆಲ್ಲ ನಂಬಬಾರದು. ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಬರ್ತಿಯೋಂ ಎಂಬ ಫ್ರೆಂಚ್ ವಿದ್ವಾಂಸರು ದೂ ಎಂಬ ಪ್ರಾಂತದ ಸೈನ್ಯಾರ್ಥಿಗಳ ಎತ್ತರಗಳನ್ನು ಚಿತ್ರಿಸಿದಾಗ ಎರಡು ಶಿಖರಗಳು ಕಂಡವು. ಆ ಪ್ರಾಂತದಲ್ಲಿ ಎರಡು ಬೇರೆ ಬೇರೆ ಜನಾಂಗಗಳು ಬೆರೆತಿವೆಯೆಂದು ಅವರು ತೀರ್ಮಾನಿಸಿದರು. ಆ ಕಾಲಕ್ಕೆ ಬಹಳ ರುಚಿಸಿದ ತೀರ್ಮಾನ. 1890ರ ದಶಕದಲ್ಲಿ ಇಟಲಿಯ ಲಿವಿ ಎಂಬುವರು ಆ ಅಂಕಿಗಳನ್ನು ಮತ್ತೆ ಕೈಗೆತ್ತಿಕೊಂಡು ನೋಡುತ್ತಾರೆ: ಎರಡನೆಯ ಶಿಖರವನ್ನು ಎಬ್ಬಿಸಿದ್ದು ಯಾವ ಜನಾಂಗವೂ ಅಲ್ಲ, ಸೆಂಟಿಮೀಟರಿಗೂ ಅಂಗುಲಕ್ಕೂ ನಡುವಿನ ಪರಿವರ್ತನೆಯ ಲೆಕ್ಕ! ಎರಡು ಅಳತೆಗಳ ಗೂಟಗಳು ಒಂದರ ಮೇಲೊಂದು ಸರಿಯಾಗಿ ಕೂರುವುದಿಲ್ಲ. ಸುರಿದು ತುಂಬುವಾಗ ಕೆಲವು ಮನೆಗೆ ಹೆಚ್ಚು, ಕೆಲವಕ್ಕೆ ಕಡಮೆ ಬಿದ್ದು ಇಲ್ಲದ ಗುಡ್ಡ ಎದ್ದಿತ್ತು. ಈ ಕಥೆಯನ್ನು ಕೇಳಿದ ಮೇಲೆ ನನ್ನ ಹುಡುಗರಿಗೆ ಒಂದು ಅಭ್ಯಾಸ ಮಾಡಿಸುತ್ತಿದ್ದೆ. 10–20, 20–30 ಎಂದು ಹಾಕಿದ್ದಾಯಿತೆ? ಈಗ ಗೂಟಗಳನ್ನು ಐದರಷ್ಟು ಸರಿಸಿ 5–15, 15–25 ಎಂದು ಹಾಕಿ. ಡುಬ್ಬ ಮತ್ತೆ ಅಲ್ಲಿಯೇ ಆಸುಪಾಸಿನಲ್ಲಿ ಕಂಡರೆ ಅದರ ಕಾರಣವನ್ನು ಹುಡುಕುವುದಕ್ಕೆ ಹೊರಡಬಹುದು. ಕಾಣದಿದ್ದರೆ ಅದು ಗೂಟದ ಚೇಷ್ಟೆ. ನಲವತ್ತೇ ಮಂದಿಯ ಲೆಕ್ಕದಲ್ಲಿ ಈ ಎಚ್ಚರ ಇನ್ನಷ್ಟು ಬೇಕು. ಇಬ್ಬರು ಹುಡುಗರು ಜ್ವರದಿಂದ ಪರೀಕ್ಷೆಗೆ ಬಾರದಿದ್ದರೂ ಒಂದು ಸಣ್ಣ ಹಳ್ಳ ಬಿದ್ದುಬಿಡುತ್ತದೆ.

ಡುಬ್ಬಕ್ಕಿಂತಲೂ ಸ್ವಾರಸ್ಯವಾದದ್ದು ಬೇಲಿ. ಯಾವುದೋ ಒಂದು ಸಂಖ್ಯೆಗೆ ಮನುಷ್ಯರು ಮಹತ್ವ ಕೊಟ್ಟರೆಂದರೆ ಆ ಸಂಖ್ಯೆಯ ಎರಡೂ ಪಕ್ಕದಲ್ಲಿ ಹಿಸ್ಟೋಗ್ರಾಮು ಚಾಡಿ ಹೇಳತೊಡಗುತ್ತದೆ. ಬೆಲ್ಜಿಯಂ ದೇಶದ ಅಡಾಲ್ಫ್ ಕೆಟ್ಲೆ 1840ರ ದಶಕದಲ್ಲಿ ಒಂದು ಲಕ್ಷ ಫ್ರೆಂಚ್ ಸೈನ್ಯಾರ್ಥಿಗಳ ಎತ್ತರವನ್ನು ಪರಿಶೀಲಿಸಿದರು. ಸೈನ್ಯಕ್ಕೆ ಸೇರಲು ಕನಿಷ್ಠ ಎತ್ತರ 157 ಸೆಂಟಿಮೀಟರು. ಅದಕ್ಕಿಂತ ಗಿಡ್ಡರಾದವರಿಗೆ ವಿನಾಯಿತಿ. ಉಳಿದ ಎತ್ತರಗಳ ಹಂಚಿಕೆಯಿಂದ ನಿರೀಕ್ಷಿಸಬಹುದಾಗಿದ್ದುದಕ್ಕಿಂತ ಸುಮಾರು ಎರಡು ಸಾವಿರ ಮಂದಿ ಹೆಚ್ಚಾಗಿ ಆ ಗೆರೆಯ ಕೆಳಗಿದ್ದರು. ಗೆರೆಯ ಮೇಲ್ಗಡೆ ಅಷ್ಟೇ ಕೊರತೆ. ಮಂಡಿಯನ್ನು ತುಸು ಬಗ್ಗಿಸಿ ನಿಂತರೋ, ಅಳೆಯುವವನ ಕೈ ಬೆಚ್ಚಗೆ ಮಾಡಿದರೋ, ಅಂತೂ ಯುದ್ಧ ತಪ್ಪಿಸಿಕೊಂಡ ಅಷ್ಟು ಮಂದಿ ಆ ಚಿತ್ರದಲ್ಲಿ ಸಿಕ್ಕಿಬಿದ್ದರು. ಹೆಸರು ಮಾತ್ರ ಗೊತ್ತಾಗಲಿಲ್ಲ, ಪುಣ್ಯ.

ಪರೀಕ್ಷೆಗಳ ಬೇಲಿ ಇದಕ್ಕೆ ವಿರುದ್ಧವಾದ ದಿಕ್ಕಿನದು. ಪೋಲೆಂಡಿನಲ್ಲಿ ಶಾಲೆ ಮುಗಿಸುವವರ ದೊಡ್ಡ ಪರೀಕ್ಷೆಯಲ್ಲಿ ಪೋಲಿಷ್ ಭಾಷೆಯ ಪತ್ರಿಕೆಗೆ 70 ಅಂಕ, ತೇರ್ಗಡೆಗೆ ಶೇಕಡ 30, ಎಂದರೆ 21. ಅಲ್ಲಿ 2010ರ ದಶಕದ ಆರಂಭದಲ್ಲಿ ಪ್ರಕಟವಾದ ಅಂಕಗಳ ಚಿತ್ರಗಳು ಇಳಿಜಾರು ಬೆಟ್ಟದಂತೆ ನಯವಾಗಿ ಇದ್ದು, ಈ ಒಂದು ಕಡೆ ಮಾತ್ರ ಮುರಿದಿದ್ದವು. ಇಪ್ಪತ್ತರ ಮೇಲೆ ಹಳ್ಳ, ಇಪ್ಪತ್ತೊಂದರ ಮೇಲೆ ಕಂಬ. ಉತ್ತರಪತ್ರಿಕೆ ನೋಡುವವನು ಒಂದು ಅಂಕದಿಂದ ಮಗುವನ್ನು ಕೆಡವಲಾರದೆ ಮತ್ತೊಮ್ಮೆ ಹುಡುಕಿ ಎಲ್ಲಿಂದಲೋ ಒಂದಂಕ ತಂದುಕೊಟ್ಟದ್ದರ ಗುರುತು ಅದು. ನಾನು ಪಾಠ ಹೇಳುತ್ತಿದ್ದ ಕಾಲದಲ್ಲಿ ನಮ್ಮಲ್ಲಿ ಆ ಸ್ಥಾನ 35ಕ್ಕೆ ಇತ್ತು. ಪತ್ರಿಕೆ ತಿದ್ದುವ ಕೊಠಡಿಯಲ್ಲಿ ಕುಳಿತ ಯಾವ ಉಪಾಧ್ಯಾಯನಿಗೂ 34 ಬರೆಯುವಾಗ ಕೈ ತಡೆಯುತ್ತದೆ. 44 ಬರೆಯುವಾಗ ತಡೆಯುವುದಿಲ್ಲ. ಇದನ್ನು ಕರುಣೆಯೆನ್ನಿ, ಅನ್ಯಾಯವೆನ್ನಿ. ಯಾರ ಮೇಲೆ ಎಷ್ಟು ಕರುಣೆ ಬಿದ್ದಿತೆಂಬುದಾದರೂ ಒಂದೊಂದೇ ಅಂಕದ ಅಗಲದ ಚಿತ್ರದಲ್ಲಿ ಕಾಣುತ್ತದೆ. 30–40 ಎಂದು ಹತ್ತರ ಮನೆ ಕಟ್ಟಿದಿರೋ, 34ರ ಹಳ್ಳವೂ 35ರ ಕಂಬವೂ ಒಂದೇ ಸೂರಿನಡಿ ಸೇರಿ ಎಲ್ಲವೂ ಸರಿಯಾಗಿರುವಂತೆ ತೋರುತ್ತದೆ.

ನಮ್ಮ ದೇಶದ ಜನಗಣತಿಯಲ್ಲಿಯೂ ಇಂಥ ಕಂಬಗಳುಂಟು. ಒಂದೊಂದು ವರ್ಷದ ವಯಸ್ಸಿಗೆ ಒಂದೊಂದು ಆಯತ ನಿಲ್ಲಿಸಿದರೆ ಮೂವತ್ತು, ಮೂವತ್ತೈದು, ನಲವತ್ತು, ನಲವತ್ತೈದುಗಳ ಮೇಲೆ ಗೋಪುರಗಳು ಏಳುತ್ತವೆ. ಮೂವತ್ತೊಂಬತ್ತೂ ನಲವತ್ತೊಂದೂ ಪಾಪ ಕುಗ್ಗಿ ಕೂರುತ್ತವೆ. ಹುಟ್ಟಿದ ತಾರೀಕು ಬರೆದಿಟ್ಟುಕೊಳ್ಳದ ಜನ, 1898ರಲ್ಲಿ ಬೆಂಗಳೂರಿಗೆ ಪ್ಲೇಗು ಬಂದ ಮೇಲೆ ಪ್ಲೇಗಿನ ವರ್ಷದ ಮಗು ಎಂದು ಗುರುತಿಟ್ಟುಕೊಂಡಂಥ ಜನ, ಗಣತಿಯವನು ಬಂದು ಕೇಳಿದಾಗ "ನಲವತ್ತು ಆಗಿರಬೈದು ಬರ್ಕೊಳ್ಳಿ ಸ್ವಾಮಿ" ಎಂದರೆ ಅವನು ಬರೆದುಕೊಳ್ಳದೆ ಏನು ಮಾಡಿಯಾನು? ಆ ಗೋಪುರಗಳಲ್ಲಿ ವಯಸ್ಸಿನ ಜೊತೆಗೆ ಅಕ್ಷರಾಭ್ಯಾಸದ ಅಳತೆಯೂ ಇದೆ. ಓದುಬರಹ ಹರಡಿದಂತೆ ಅವು ತಗ್ಗುತ್ತ ಬರುತ್ತವೆಂಬುದನ್ನು ಜನಸಂಖ್ಯಾಶಾಸ್ತ್ರಜ್ಞರು ಲೆಕ್ಕ ಹಾಕಿ ತೋರಿಸಿದ್ದಾರೆ.

ಇನ್ನು ಅಗಲಗಳು ಸಮನಾಗಿಲ್ಲದ ಹಿಸ್ಟೋಗ್ರಾಮು. ಹುಡುಗರು ಹೆಚ್ಚಾಗಿ ಎಡವುವುದು ಇಲ್ಲಿ. ಉಪಾಧ್ಯಾಯರೂ ಸಾಮಾನ್ಯವಾಗಿ, "ಆವೃತ್ತಿಯನ್ನು ಅಗಲದಿಂದ ಭಾಗಿಸಿ ಕನಿಷ್ಠ ಅಗಲದಿಂದ ಗುಣಿಸಿ" ಎಂದು ಸೂತ್ರವನ್ನು ಬಾಯಿಪಾಠ ಮಾಡಿಸಿ ದಾಟಿಬಿಡುತ್ತಾರೆ. ಸೂತ್ರದ ಹಿಂದಿರುವ ಮಾತು ಇಷ್ಟೆ: ಹಿಸ್ಟೋಗ್ರಾಮಿನಲ್ಲಿ ಎಣಿಕೆಯನ್ನು ಹೊತ್ತಿರುವುದು ಆಯತದ ವಿಸ್ತೀರ್ಣ. ಎಲ್ಲ ಅಗಲಗಳೂ ಒಂದೇ ಆಗಿದ್ದಾಗ ಎತ್ತರವನ್ನು ನೋಡಿದರೂ ನಡೆಯುತ್ತದೆ. ಅಗಲ ಬದಲಾದ ಕೂಡಲೆ ಎತ್ತರ ಮೋಸ ಮಾಡುತ್ತದೆ. ಇದನ್ನು ಮನದಟ್ಟು ಮಾಡಿಸಲು ಊಹೆಯ ಅಂಕಿಗಳಿಗಿಂತ ನಮ್ಮ ಮಕ್ಕಳಿಗೆ ಹತ್ತಿರವಾದ ಜಮೀನಿನ ಲೆಕ್ಕವೇ ಮೇಲೆಂದು ನನಗೆ ಕಂಡಿತು.

ಭಾರತ ಸರ್ಕಾರದ 2015–16ರ ಕೃಷಿ ಗಣತಿ ಸಾಗುವಳಿ ಹಿಡುವಳಿಗಳನ್ನು ಹೀಗೆ ವಿಂಗಡಿಸುತ್ತದೆ. ಒಂದು ಹೆಕ್ಟೇರಿಗಿಂತ, ಎಂದರೆ ಸುಮಾರು ಎರಡೂವರೆ ಎಕರೆಗಿಂತ ಕಡಮೆಯವು ಶೇಕಡ 68ಕ್ಕೂ ಮಿಕ್ಕು. ಒಂದರಿಂದ ಎರಡು ಹೆಕ್ಟೇರಿನವು ಶೇಕಡ 17.6. ಎರಡರಿಂದ ನಾಲ್ಕರವು ಒಂಬತ್ತೂವರೆ. ನಾಲ್ಕರಿಂದ ಹತ್ತರವು 3.8. ಹತ್ತು ಹೆಕ್ಟೇರು ಮತ್ತು ಮೇಲ್ಪಟ್ಟವು ಶೇಕಡ ಅರ್ಧಕ್ಕಿಂತ ಸ್ವಲ್ಪ ಹೆಚ್ಚು. ಇವಕ್ಕೆ ಸಮ ಅಗಲದ ಕಂಬ ನೆಟ್ಟು ತೋರಿಸಿದರೆ ಮೆಟ್ಟಿಲು ಇಳಿದಂತೆ ಕಾಣುತ್ತದೆ. ದೊಡ್ಡ ಹಿಡುವಳಿಗಳೂ ತಕ್ಕಮಟ್ಟಿಗೆ ಇವೆಯೆನಿಸುತ್ತದೆ. ಈಗ ಗ್ರಾಫ್ ಹಾಳೆಯ ಮೇಲೆ ಒಂದು ಹೆಕ್ಟೇರಿಗೆ ಒಂದು ಸೆಂಟಿಮೀಟರು ಅಗಲ ಕೊಟ್ಟು, ಹೆಕ್ಟೇರೊಂದಕ್ಕೆ ಶೇಕಡ ಐದು ಬಿದ್ದರೆ ಒಂದು ಸೆಂಟಿಮೀಟರು ಎತ್ತರವೆಂದು ಇಟ್ಟುಕೊಂಡು ಬರೆಯಿರಿ. ಮೊದಲನೆಯ ಆಯತ ಹದಿಮೂರೂವರೆ ಸೆಂಟಿಮೀಟರಿಗೂ ಎತ್ತರ. ಎರಡನೆಯದು ಮೂರೂವರೆ. ಮೂರನೆಯದರ ಒಂಬತ್ತೂವರೆ ಎರಡು ಹೆಕ್ಟೇರುಗಳ ಮೇಲೆ ಹರಡಿ ಒಂದು ಸೆಂಟಿಮೀಟರಿಗೂ ತುಸು ಕಡಮೆಯಾಗುತ್ತದೆ. ನಾಲ್ಕನೆಯದು ಆರು ಸೆಂಟಿಮೀಟರು ಅಗಲವಾಗಿ ಚಾಚಿಕೊಂಡು ಒಂದು ಮಿಲಿಮೀಟರಿಗೆ ಸ್ವಲ್ಪ ಮೇಲೆ ನಿಲ್ಲುತ್ತದೆ; ಸೀಸದಕಡ್ಡಿಯ ಗೆರೆಯ ದಪ್ಪವೇ ಅಷ್ಟಿರುತ್ತದೆ. "ಒಂದು ತೆಂಗಿನಮರ, ಬುಡದಲ್ಲಿ ಒಂದು ಗಿಡ, ಆಮೇಲೆ ಬರೀ ಗರಿಕೆ ಸಾರ್," ಎಂದ ಹಿಂದಿನ ಬೆಂಚಿನ ಹುಡುಗನೊಬ್ಬ. ಅವನ ಮನೆಯವರು ಆ ತೆಂಗಿನಮರದೊಳಗಿನವರೇ. ತರಗತಿಯಲ್ಲಿ ಬಹುಮಂದಿ ಅದರೊಳಗಿನವರೇ ಆಗಿದ್ದರು.

ಕಡೆಯ ವರ್ಗದ ಹತ್ತಿರ ಬಂದಾಗ ಗದ್ದಲ ಎದ್ದಿತು. "ಹತ್ತು ಹೆಕ್ಟೇರು ಮತ್ತು ಮೇಲ್ಪಟ್ಟು" ಎಂಬ ಮನೆಗೆ ಎಡಗೋಡೆಯುಂಟು, ಬಲಗೋಡೆ ಎಲ್ಲಿ? ಕೆಲವರು ಇಪ್ಪತ್ತಕ್ಕೆ ಮುಚ್ಚಿದರು, ಹಾಳೆ ಅಲ್ಲಿಗೆ ಮುಗಿಯುತ್ತಿತ್ತೆಂಬುದೇ ಕಾರಣ. ಧಾರಾಳಿಯೊಬ್ಬ ಇನ್ನೊಂದು ಹಾಳೆ ಅಂಟಿಸಿಕೊಂಡು ಐವತ್ತರವರೆಗೆ ಹೋದನು. ಎಲ್ಲಿ ಮುಚ್ಚಿದರೂ ಎತ್ತರ ಬದಲಾಗುತ್ತದೆಂಬುದನ್ನು ಅವರವರೇ ಜಗಳವಾಡಿ ಕಂಡುಕೊಂಡರು. ಕಿಟಕಿಯ ಪಕ್ಕದ ಹುಡುಗಿಯೊಬ್ಬಳು ಮಾತ್ರ ಹತ್ತರ ಗೆರೆಯಿಂದ ಬಲಕ್ಕೆ ತಳದ ಗೆರೆಯನ್ನಷ್ಟೇ ಎಳೆದು, ಮೇಲಿನ ಗೆರೆಯನ್ನೂ ಬಲಗಡೆಯ ಗೆರೆಯನ್ನೂ ಬಿಟ್ಟಿದ್ದಳು. ಕೆಳಗೆ ಸಣ್ಣಕ್ಷರದಲ್ಲಿ, "ಇದರ ಅಗಲ ಪಟ್ಟಿಯಲ್ಲಿ ಹೇಳಿಲ್ಲ" ಎಂದು ಬರೆದಿತ್ತು. ಅದಕ್ಕೆ ಪೂರ್ತಿ ಅಂಕ ಕೊಟ್ಟು ಹಾಳೆಯನ್ನು ಹಿಂದಕ್ಕೆ ಕೊಟ್ಟೆ.